ಚಾರ್ಜು ಬೇರೆ, ಸೀಟು ಬೇರೆ

ಬುಧವಾರ ಬೆಳಗ್ಗೆ ದೇವರ ಜಗಲಿ ಒರೆಸಲು ವಿಭೂತಿ ತಟ್ಟೆ ಎತ್ತಿದಾಗ, ಅದರ ತಳಕ್ಕೆ ಅಂಟಿಕೊಂಡು ಒಂದು ಚೀಟಿಯೂ ಮೇಲೆದ್ದು ಬಂತು. ವಿಶಾಲಾಕ್ಷಮ್ಮ ಅದನ್ನು ಮೆಲ್ಲಗೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಮಿಲಾನ್‌ನಿಂದ ಟ್ರಿಯೆಸ್ಟ್. ಏಳನೇ ಬೋಗಿ, ಅರವತ್ನಾಲ್ಕನೇ ಸೀಟು. ಹನ್ನೊಂದು ಗಂಟೆ ಐದು ನಿಮಿಷ.

ಕೈಯಲ್ಲಿದ್ದ ಒದ್ದೆ ಬಟ್ಟೆ ನೆಲಕ್ಕೆ ಬಿತ್ತು.

ಆ ಚೀಟಿ ಇರಬೇಕಾದದ್ದು ಮಗಳು ನಾಗಶ್ರೀಯ ಕೈಚೀಲದಲ್ಲಿ. ನಾಗಶ್ರೀ ಇದ್ದದ್ದು ವಿಮಾನದಲ್ಲಿ, ಯಾವ ಸಮುದ್ರದ ಮೇಲೋ ಶಿವನೇ ಬಲ್ಲ.

ಅವಳು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ರುಚಿ ನೋಡುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಮೂರು ವಾರದ ತರಬೇತಿಗೆ ಇಟಲಿಯಿಂದ ಕರೆ ಬಂದಾಗ ಆಲ್ದೂರಿನ ಅರ್ಧ ಪೇಟೆ ಇವರ ಹಗ್ಗ-ಗೋಣಿಯ ಅಂಗಡಿಗೆ ಬಂದು ನೋಡಿಕೊಂಡು ಹೋಗಿತ್ತು. ವಿಮಾನ ಇಳಿದ ಮೇಲೆ ಐದು ಗಂಟೆಯ ರೈಲು ಪ್ರಯಾಣ, ಒಬ್ಬಳೇ. ರೈಲು ಅಂದರೆ ಕಡೂರಿಗೆ ಹೋಗಿ ಹತ್ತಬೇಕಾದ ವಸ್ತು ಎಂದಷ್ಟೇ ಗೊತ್ತಿದ್ದ ಮನೆ ಇದು. ನಾಗಶ್ರೀ ಹತ್ತಿದ್ದೇ ಎರಡು ಸಲ, ಅದೂ ಅಪ್ಪನ ಜೊತೆ.

ಬೆಂಗಳೂರಿನ ಏಜೆಂಟ್ ಕಳಿಸಿದ ಕವರಿನಲ್ಲಿ ಟಿಕೆಟ್ ಒಂದಲ್ಲ, ಎರಡು ಕಾಗದ ಇದ್ದವು. ಜೊತೆಗೆ ನಾಲ್ಕು ಪುಟದ ಇಂಗ್ಲಿಷ್ ಸೂಚನೆ. "ನೀನೇ ಓದಿಟ್ಟಿರಮ್ಮ, ನಂಗೆ ಪುರುಸೊತ್ತಿಲ್ಲ" ಎಂದು ಮಗಳು ಅದನ್ನು ಅಡುಗೆಮನೆಯ ಕಟ್ಟೆ ಮೇಲೆ ಇಟ್ಟು ಹೋದಳು. ಎಸ್ಸೆಸ್ಸೆಲ್ಸಿ ಓದಿದ್ದ ವಿಶಾಲಾಕ್ಷಮ್ಮ ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಡಿಕ್ಷನರಿ ಇಟ್ಟುಕೊಂಡು ದಿನಕ್ಕೆ ಅರ್ಧ ಪುಟದಂತೆ ಎಂಟು ದಿನ ಓದಿದರು. ಕಡೆಗೆ ಮಗಳು ಜೊತೆಗೆ ಒಯ್ಯಲೆಂದು ಹಳೇ ನೋಟ್‌ಬುಕ್ಕಿನಲ್ಲಿ ದಪ್ಪಗೆ ಬರೆದರು: ಚಾರ್ಜು ಬೇರೆ, ಸೀಟು ಬೇರೆ.

"ಹಂಗಂದ್ರೇನಮ್ಮಾ?" ಎಂದಿದ್ದಳು ಮಗಳು.

"ಚಿಕ್ಕಮಗಳೂರು ಬಸ್‌ಸ್ಟ್ಯಾಂಡಲ್ಲಿ ಕಳಸದ ಬಸ್ಸು ಬಂದ ಕೂಡ್ಲೆ ನಿಮ್ಮಪ್ಪ ಏನ್ ಮಾಡ್ತಾರೆ?"

"ಕಿಟಕಿಯಿಂದ ಟವೆಲ್ ಎಸೀತಾರೆ."

"ಅದೇ. ಟವೆಲ್ ಸೀಟು ಹಿಡಿಯಕ್ಕೆ. ಟಿಕೆಟ್ಟು ಆಮೇಲೆ ಕಂಡಕ್ಟರ್ ಹತ್ರ. ಅಲ್ಲೂ ಎರಡು ಕಾಗದ. ಈ ದೊಡ್ಡದು ಊರಿಂದ ಊರಿಗೆ ಹೋಗೋ ಚಾರ್ಜು. ಈ ಸಣ್ಣದು ಟವೆಲ್ಲು. ಕೆಲವು ರೈಲಲ್ಲಿ ಟವೆಲ್ ಬೇಡ, ಖಾಲಿ ಇದ್ದಲ್ಲಿ ಕೂರಬಹುದು. ಈ ರೈಲಲ್ಲಿ ಟವೆಲ್ ಇಲ್ದೆ ಹತ್ತೋ ಹಾಗೇ ಇಲ್ಲ."

"ಟವೆಲ್ಲಿಗೂ ದುಡ್ಡು ತಗೊಳ್ತಾರಲ್ಲಮ್ಮಾ, ಎಂಥ ಜನ!" ಎಂದು ಅವಳು ನಕ್ಕಿದ್ದಳು.

ಹೊರಡುವ ಹಿಂದಿನ ರಾತ್ರಿ ವಿಶಾಲಾಕ್ಷಮ್ಮ ಕಾಗದಗಳನ್ನೆಲ್ಲ ಜಗಲಿಯ ಮೇಲೆ ಇಟ್ಟರು. ಪರೀಕ್ಷೆಯ ಹಾಲ್ ಟಿಕೆಟ್ ಆಗಲಿ, ಜೀಪಿನ ಕಾಗದ ಆಗಲಿ, ಈ ಮನೆಯಲ್ಲಿ ಒಂದು ರಾತ್ರಿ ವಿಭೂತಿ ತಟ್ಟೆಯ ಪಕ್ಕದಲ್ಲಿ ಮಲಗಿ, ಮೂಲೆಗೆ ಕುಂಕುಮ ಹಚ್ಚಿಸಿಕೊಳ್ಳದೆ ಹೊರಗೆ ಹೋದದ್ದಿಲ್ಲ. "ಪಾಸ್‌ಪೋರ್ಟ್ ಒಂದಿಟ್ರೆ ಸಾಕಲ್ಲಮ್ಮ, ರೈಲಿನ ಚೀಟಿಗೂ ಯಾಕೆ?" ಎಂದು ಮಗಳು ಗೊಣಗಿದ್ದಳು. ಬೆಳಗ್ಗೆ ಹೊರಗೆ ಜೀಪಿನ ಹಾರನ್, ಒಳಗೆ ಇಡ್ಲಿ ಪಾತ್ರೆಯ ಆವಿ. ಕಾಗದಗಳನ್ನು ಬಾಚಿ ಕವರಿಗೆ ತುಂಬಿದ್ದು ತಾನೇ, ತನ್ನ ಕೈಯಲ್ಲೇ.

ಈಗ ಅವರು ಸೂಚನೆಯ ಜೆರಾಕ್ಸ್ ತೆಗೆದರು. ಎಂಟು ದಿನ ಬಿಡಿಸಿ ಬಿಡಿಸಿ ಓದಿದ್ದ ಪುಟಗಳಲ್ಲಿ ಕಣ್ಣಿಗೆ ಒಂದೇ ಸಾಲು ಕಂಡಿತು. ಸೀಟು ಕಾಯ್ದಿರಿಸದೆ ಹತ್ತಿದವರಿಗೆ ದಂಡ ಹಾಕಿ ಮುಂದಿನ ನಿಲ್ದಾಣದಲ್ಲಿ ಇಳಿಸಲಾಗುವುದು.

ಮುಂದಿನ ನಿಲ್ದಾಣ ಯಾವುದು? ಆ ಊರಿನ ಹೆಸರೇನು? ಟ್ರಿಯೆಸ್ಟ್‌ನಲ್ಲಿ ತರಬೇತಿಯವರು ಆ ರೈಲಿಗೇ ಬಂದು ನಿಂತಿರುತ್ತಾರೆ. ಹುಡುಗಿ ಇಳಿಯದಿದ್ದರೆ ವಾಪಸ್ ಹೋಗುತ್ತಾರೆ. ಫೆಬ್ರವರಿಯಲ್ಲಿ ಅಲ್ಲಿ ಐದೂವರೆಗೆಲ್ಲ ಕತ್ತಲೆ ಎಂದು ಮಗಳೇ ಹೇಳಿದ್ದಳು.

ಯಜಮಾನರು ಷಡಕ್ಷರಿ ಮಗಳನ್ನು ವಿಮಾನ ಹತ್ತಿಸಿ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು, ಬರುವುದು ಸಂಜೆಗೆ. ಅಂಗಡಿಯ ಫೋನಿನಿಂದ ಹೊರದೇಶಕ್ಕೆ ಮಾಡಲಾಗದು. ವಿಶಾಲಾಕ್ಷಮ್ಮ ಚೀಟಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಎದುರುಗಡೆಯ ರೇವಣ್ಣನ ಎಸ್‌ಟಿಡಿ ಬೂತಿಗೆ ಓಡಿದರು. ತರಬೇತಿಯವರ ಪತ್ರದಲ್ಲಿದ್ದ ನಂಬರನ್ನು ರೇವಣ್ಣ ಮೂರು ಸಲ ಒತ್ತಿದ. ರಿಂಗ್ ಆಗುತ್ತಲೇ ಇತ್ತು.

"ಅಕ್ಕಾ, ಅಲ್ಲೀಗ ಬೆಳಗಿನ ಜಾವ ನಾಲ್ಕು ಗಂಟೆ. ಯಾರಿರ್ತಾರೆ? ನಮ್ಮೂರಲ್ಲೇ ಪಂಚಾಯ್ತಿ ಆಫೀಸು ಹನ್ನೊಂದಕ್ಕೆ ತೆಗೆಯೋದು, ಮಾರಾಯ್ರೇ," ಎಂದ ರೇವಣ್ಣ. ಅವರ ಮುಖ ನೋಡಿ ದನಿ ಇಳಿಸಿದ. "ಒಂದೂವರೆಗೆ ಬನ್ನಿ. ಲೈನ್ ಖಾಲಿ ಇಟ್ಟಿರ್ತೀನಿ."

ಒಂದೂವರೆ ತನಕ ಬದುಕಿರುವುದು ಹೇಗೆಂದು ಯಾರೂ ಹೇಳಲಿಲ್ಲ. ಅಂಗಡಿ ತೆರೆಯಲೇಬೇಕಿತ್ತು. ತೋಟದ ಶಾಂತವೀರಪ್ಪನವರು ಬಂದು ಮೆಣಸು ಕೊಯ್ಯುವ ಏಣಿಗೆಂದು ಹತ್ತು ಮಾರು ಹಗ್ಗ ಕೇಳಿದರು. ವಿಶಾಲಾಕ್ಷಮ್ಮ ಎರಡೂ ತೋಳು ಚಾಚಿ ಅಳೆದು ಕತ್ತರಿಸಿ ಕೊಟ್ಟರು. ಎಷ್ಟು ಎಣಿಸಿದೆನೋ ನೆನಪಾಗಲಿಲ್ಲ.

ಪಕ್ಕದ ಮನೆಯ ಗಿರಿಜಾಂಬಾ ಬಂದು ಬೆಂಚಿನ ಮೇಲೆ ಕೂತರು. ಯಾರಿಗೂ ಹೇಳಬಾರದು ಎಂದುಕೊಂಡಿದ್ದರೂ ವಿಶಾಲಾಕ್ಷಮ್ಮನ ಬಾಯಿ ತಡೆಯಲಿಲ್ಲ.

"ಅಯ್ಯೋ ಶಿವನೇ! ದೇವರ ಮುಂದೆ ಇಟ್ಟಿದ್ದೇ ತಪ್ಪಾಯ್ತಲ್ರೀ. ನಮ್ಮ ಭಾವಮೈದನ ಸಂಬಂಧಿ ಯಾರೋ ಪರದೇಶದಲ್ಲಿ ಟಿಕೆಟ್ ಇಲ್ದೆ ಸಿಕ್ಕಿ, ಪೊಲೀಸಿನೋರು ಪಾಸ್‌ಪೋರ್ಟೇ ಕಿತ್ಕೊಂಡ್ರಂತೆ. ಹೆದರ್ಕೋಬೇಡಿ, ಸುಮ್ನೆ ಹೇಳ್ದೆ."

"ಸುಮ್ನೆ ಹೇಳೋದಾದ್ರೆ ಇನ್ನೊಂದಿನ ಹೇಳಿ, ಗಿರಿಜಕ್ಕ," ಎಂದರು ವಿಶಾಲಾಕ್ಷಮ್ಮ. ಅಷ್ಟು ಒರಟಾಗಿ ಅವರು ಆಕೆಯ ಜೊತೆ ಎಂದೂ ಮಾತಾಡಿದ್ದಿಲ್ಲ.

ಇಲ್ಲಿಯ ಹನ್ನೊಂದೂವರೆಗೆ, ಅಂದರೆ ಅಲ್ಲಿಯ ಬೆಳಗ್ಗೆ ಏಳಕ್ಕೆ, ವಿಮಾನ ಇಳಿದಿರಬೇಕು. ಈಗ ಚೀಲ ತೆಗೆದಿರುತ್ತಾಳೆ. ಈಗ ಸ್ಟೇಷನ್ ಹುಡುಕುತ್ತಿರುತ್ತಾಳೆ. ಕವರು ಬಿಚ್ಚಿದಳೋ ಇಲ್ಲವೋ? ಬಿಚ್ಚದೇ ಹತ್ತಿಬಿಟ್ಟರೆ? ಏಳನೇ ಬೋಗಿ, ಅರವತ್ನಾಲ್ಕು ಅವಳಿಗೆ ಬಾಯಿಪಾಠ. ಎಂಟು ದಿನ ತಾನೇ ಹೇಳಿಕೊಟ್ಟ ಪಾಠ. ನೇರ ಹೋಗಿ ಕೂತುಬಿಡುತ್ತಾಳೆ. ರೈಲು ಹೊರಟ ಮೇಲೆ ಟಿಕೆಟ್ ನೋಡುವವನು ಬಂದು ಚೀಟಿ ಎಲ್ಲಿ ಎನ್ನುತ್ತಾನೆ. ಹುಡುಗಿ ಚೀಲ ತಡಕುತ್ತಾಳೆ. ಎಲ್ಲರೂ ನೋಡುತ್ತಾರೆ. ಸ್ಕೂಲಿನಲ್ಲಿ ಮೇಷ್ಟರು ಬೈದರೂ ಅಳದೆ ಕೆಳದುಟಿ ಕಚ್ಚಿಕೊಂಡು ನಿಲ್ಲುತ್ತಿದ್ದ ಮಗು ಅದು. ಆ ತುಟಿ ಕಣ್ಣಿಗೆ ಕಟ್ಟಿದಂತಾಗಿ ವಿಶಾಲಾಕ್ಷಮ್ಮ ಗೋಣಿಯ ಅಟ್ಟಿಗೆ ಒರಗಿ ನಿಂತರು.

ಒಂದೂವರೆಗೆ ಆ ಕಡೆಯಿಂದ ಒಂದು ಹೆಣ್ಣುದನಿ ಎತ್ತಿಕೊಂಡಿತು. ಅವಳ ಇಂಗ್ಲಿಷು ಇವರದರಷ್ಟೇ ಕುಂಟುತ್ತಿತ್ತು. "ಮೈ ಡಾಟರ್. ಟ್ರೈನ್. ಸೀಟ್ ಪೇಪರ್, ಹಿಯರ್. ಇನ್ ಇಂಡಿಯಾ," ಎಂದು ವಿಶಾಲಾಕ್ಷಮ್ಮ ಬೂತಿನ ಗಾಜು ನಡುಗುವ ಹಾಗೆ ಕೂಗಿದರು. ಆಕೆ ಉದ್ದಕ್ಕೆ ಏನೇನೋ ಹೇಳಿದಳು. ಕಿವಿಗೆ ಬಿದ್ದದ್ದು ನೋ ಪ್ರಾಬ್ಲಂ ಎಂಬುದೊಂದೇ, ಮೂರು ಸಲ. ಆಮೇಲೆ ಲೈನ್ ಕಟ್ಟಾಯಿತು.

"ಏನಂದ್ರಕ್ಕಾ?"

"ನೋ ಪ್ರಾಬ್ಲಂ ಅಂತೆ."

"ಸರಿ ಹೋಯ್ತಲ್ಲ ಮತ್ತೆ!"

"ನಮಗೆ ಲೋಡು ತರೋ ಲಾರಿಯವನೂ ಅದನ್ನೇ ಹೇಳೋದು, ರೇವಣ್ಣ. ಲೋಡು ಬರೋದು ಮೂರು ದಿನ ಬಿಟ್ಟು."

ಮತ್ತೆ ಲೈನ್ ಸಿಗಲೇ ಇಲ್ಲ. ಅವರು ಅಂಗಡಿಗೆ ಬಂದು ಗಡಿಯಾರದ ಎದುರಿಗೆ ಕೂತರು. ಅಲ್ಲಿಯ ಹನ್ನೊಂದು ಗಂಟೆ ಐದು ನಿಮಿಷ ಎಂದರೆ ಇಲ್ಲಿ ಮೂರು ಮೂವತ್ತೈದು. ಇಡೀ ದಿನ ಒಂದು ತೊಟ್ಟು ನೀರೂ ಗಂಟಲಿಗೆ ಇಳಿದಿರಲಿಲ್ಲ. ಹೊರನಾಡಿನ ಅಮ್ಮನಿಗೆ ಹರಕೆ ಹೊರಲು ಬಾಯಿ ತೆರೆದವರು ಅರ್ಧಕ್ಕೇ ನಿಲ್ಲಿಸಿದರು. ದೇವರ ಮುಂದೆ ಇಟ್ಟೇ ಇಷ್ಟಾಗಿದೆ. ಇನ್ನು ಕೇಳುವುದಕ್ಕೂ ಭಯ.

ಮೂರು ಗಂಟೆ ದಾಟಿ ಹತ್ತು ನಿಮಿಷಕ್ಕೆ ಫೋನ್ ಹೊಡೆದುಕೊಂಡಿತು.

"ಅಮ್ಮಾ! ಸ್ಟೇಷನ್ನಿಂದ ಮಾಡ್ತಿದೀನಿ. ಫೋನ್ ಕಾರ್ಡು ಬೇಗ ಖಾಲಿಯಾಗತ್ತೆ, ಸುಮ್ನೆ ಕೇಳು."

"ನಾಗೂ, ಹತ್ತಬೇಡ! ಹತ್ತಬೇಡ ಕಣೇ! ಚೀಟಿ ಇಲ್ಲಿದೆ!"

"ಗೊತ್ತಮ್ಮಾ. ಕವರು ಬಿಚ್ಚಿ ನೋಡ್ದೆ, ಇರ್ಲಿಲ್ಲ. ಬೆಂಚಿನ ಮೇಲೆ ಕೂತು ಅತ್ತೂಬಿಟ್ಟೆ ಸ್ವಲ್ಪ."

"ಅಯ್ಯೋ ನನ್ ಕಂದ…"

"ಆಮೇಲೆ ನಿನ್ನ ನೋಟ್‌ಬುಕ್ ತೆಗ್ದೆ. ಚಾರ್ಜು ಬೇರೆ, ಸೀಟು ಬೇರೆ. ಅಮ್ಮಾ, ಕಳೆದಿದ್ದು ಟವೆಲ್ ಅಷ್ಟೇ. ಚಾರ್ಜು ನನ್ನ ಕೈಲೇ ಇದೆ. ಕೌಂಟರಲ್ಲಿ ದೊಡ್ಡ ಟಿಕೆಟ್ ತೋರ್ಸಿ, ಸೀಟ್ ಮಾತ್ರ ಕೊಡಿ ಅಂದೆ. ಕೊಟ್ರು. ಎರಡು ಕಾಫಿ ರೇಟು, ಅಷ್ಟೇ."

ವಿಶಾಲಾಕ್ಷಮ್ಮ ಸ್ಟೂಲು ಎಳೆದುಕೊಂಡು ಕೂತರು. ತಾನೇ ಬರೆದ ಸಾಲು. ಬೆಳಗ್ಗಿನಿಂದ ಒಮ್ಮೆಯೂ ಅದು ತನಗೆ ಹೊಳೆಯಲಿಲ್ಲವಲ್ಲ!

"ಟಿಕೆಟ್ ಮೇಲೆ ಕುಂಕುಮ ನೋಡಿ ಆ ಕೌಂಟರಿನವ್ನು ಗಾಬರಿಯಾದ. ರಕ್ತವಾ ಅಂದ. ನಮ್ಮಮ್ಮನ ಸೀಲು ಅಂದೆ."

"ನಗಬೇಡ್ವೇ. ಈಗ ಯಾವ ಸೀಟು?"

"ಮೂರನೇ ಬೋಗಿ, ಇಪ್ಪತ್ತೆರಡು."

"ಮತ್ತೆ ಆ ಅರವತ್ನಾಲ್ಕು?"

"ಅದು ಟ್ರಿಯೆಸ್ಟ್ ತನಕ ಖಾಲಿ ಬರತ್ತೆ. ನೀನು ಟವೆಲ್ ಹಾಕಿದೀಯಲ್ಲ, ಯಾರು ಕೂರ್ತಾ—" ಎನ್ನುವಷ್ಟರಲ್ಲಿ ಕಾರ್ಡು ಮುಗಿಯಿತು.

ರಿಸೀವರ್ ಇಟ್ಟ ಮೇಲೂ ಅವರು ಗಡಿಯಾರದ ಎದುರಿನಿಂದ ಏಳಲಿಲ್ಲ. ಮೂರು ಮೂವತ್ತು. ಮೂವತ್ತೆರಡು. ಅಷ್ಟರಲ್ಲಿ ಶಾಂತವೀರಪ್ಪನವರು ಹಗ್ಗ ಹಿಡಿದು ಮತ್ತೆ ಬಂದರು.

"ಏನ್ ಅಮ್ಮಾವ್ರೇ, ಹತ್ತು ಮಾರು ಕೇಳಿದ್ರೆ ಎಂಟೇ ಕೊಟ್ಟಿದೀರಿ. ಏಣಿ ಅರ್ಧದಲ್ಲೇ ನಿಂತಿದೆ."

"ಕೂತ್ಕೊಳ್ಳಿ. ಒಂದೇ ಒಂದು ರೈಲು ಹೊರಡ್ಲಿ, ಕೊಡ್ತೀನಿ."

ಆಲ್ದೂರಿನಲ್ಲಿ ಎಲ್ಲಿಯ ರೈಲು ಎಂದು ಅವರು ಕೇಳುವ ಮೊದಲೇ ಮುಳ್ಳು ಮೂವತ್ತೈದು ದಾಟಿತು. ವಿಶಾಲಾಕ್ಷಮ್ಮ ಎದ್ದು, ಹೂಜಿಯಿಂದ ಒಂದು ಲೋಟ ನೀರು ಕುಡಿದು, ಹೊಸ ಹಗ್ಗದ ಸುರುಳಿ ಎಳೆದು, ಗಟ್ಟಿಯಾಗಿ ಎಣಿಸುತ್ತಾ ಅಳೆಯತೊಡಗಿದರು. ಹತ್ತಕ್ಕೆ ನಿಲ್ಲಿಸದೆ ಹನ್ನೊಂದನೇ ಮಾರಿಗೂ ತೋಳು ಚಾಚಿದರು.