ಮುರಿದ ಕುರ್ಚಿಯ ಡಾಕ್ಟರು

ಜಗತ್ತನ್ನು ಉದ್ಧಾರ ಮಾಡುವವರು ವರ್ಷಕ್ಕೊಮ್ಮೆ ಆ ಊರಿಗೆ ಬರುತ್ತಿದ್ದರು. ಸರೋವರದ ದಂಡೆಯ ದೊಡ್ಡ ಹೋಟೆಲಿನಲ್ಲಿ ಅವರ ಸಭೆ. ಹಡಗುಗಳ ಒಡೆಯರು, ಬ್ಯಾಂಕುಗಳ ಒಡೆಯರು, ಪತ್ರಿಕೆಗಳ ಒಡೆಯರು, ಜೊತೆಗೆ ಅವರ ಕೈಕುಲುಕಲೆಂದೇ ಬರುವ ಮಂತ್ರಿಗಳು. ಹಸಿವು, ಬಡತನ, ಆರೋಗ್ಯ ಎಂದು ಅವರು ಚರ್ಚೆ ಮುಗಿಸಿ ಏಳುವಷ್ಟರಲ್ಲಿ ಊರಿನವರ ಪ್ರಾಣ ಬಾಯಿಗೆ ಬಂದಿರುತ್ತಿತ್ತು. ಸುತ್ತಲಿನ ಬೀದಿಗಳಿಗೆಲ್ಲ ಕಬ್ಬಿಣದ ಬೇಲಿ, ಬೇಲಿ ಬೇಲಿಗೂ ಪೊಲೀಸರು, ಮನೆಗೆ ಹಾಲು ತರಬೇಕಾದರೂ ಪಾಸು.

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು ಹೋಟೆಲಿನ ಹಿಂದಿನ ಬೀದಿಯಲ್ಲೇ, ಬೇಲಿಯ ಒಳಗಡೆ ಇತ್ತು. ಅವಳಿಗೂ, ಮುಂದಿನ ಕೋಣೆಯಲ್ಲಿ ಕೂತು ಚೀಟಿ ಬರೆಯುವ ನಾದಿನಿಗೂ ಪಾಸು ಕೊಟ್ಟಿದ್ದರು. ರೋಗಿಗಳಿಗೆ ಕೊಟ್ಟಿರಲಿಲ್ಲ. ಹೀಗಾಗಿ ಡಾಕ್ಟರು ಒಳಗೆ, ಹಲ್ಲುನೋವು ಹೊರಗೆ.

ಅಂದು ಬೆಳಿಗ್ಗೆ ಬೇಲಿಯ ಆಚೆ ಹಾರ್ನ್ ಮಾವ ನಿಂತಿದ್ದ. ಬಸ್ ಓಡಿಸಿ ನಿವೃತ್ತನಾದ ಮುದುಕ. ಗಂಟಲು ದೊಡ್ಡದು, ಅದಕ್ಕೇ ಆ ಹೆಸರು. ಈಗ ಮಾತ್ರ ಒಂದು ಕೆನ್ನೆ ಬನ್ನಿನಂತೆ ಊದಿ, ಕಣ್ಣು ಅರ್ಧ ಮುಚ್ಚಿ, ಬಾಯಿಂದ ಬರೀ ಗಾಳಿ ಬರುತ್ತಿತ್ತು. ಹಲ್ಲಿನ ಬುಡದಲ್ಲಿ ಕೀವು ತುಂಬಿದೆ ಎಂದು ನೋಡಿದ ಕೂಡಲೇ ಗೊತ್ತಾಗುವಂತಿತ್ತು.

"ಇವರನ್ನ ಬಿಡಿ, ಜ್ವರ ಬಂದಿದೆ," ಎಂದಳು ಡಾಕ್ಟರಮ್ಮ.

"ಮೇಲಿನ ಆರ್ಡರ್ ಮೇಡಂ. ನಾನೇನ್ ಮಾಡ್ಲಿ?" ಎಂದ ಪೊಲೀಸ್.

"ಸರ್ಕಾರಿ ಆಸ್ಪತ್ರೇಲಿ ಹಲ್ಲು ನೋಡೋ ಕುರ್ಚಿ ಮುರಿದು ಎಷ್ಟು ಕಾಲ ಆಯ್ತು ಗೊತ್ತಾ? ಅಲ್ಲಿ ಯಾರೂ ನೋಡಲ್ಲ. ಇಲ್ಲಿ ನಾನು ನೋಡ್ತೀನಿ ಅಂದ್ರೆ ನೀವು ಬಿಡಲ್ಲ. ಇವರು ಎಲ್ಲಿಗೆ ಹೋಗ್ಬೇಕು?"

ಪೊಲೀಸ್ ಪಾಪ, ತನ್ನ ಬೂಟು ನೋಡಿಕೊಂಡ. ಅವಳು ಗಂಟಲು ಹರಿದುಕೊಂಡರೂ ಬೇಲಿ ಅಲುಗಲಿಲ್ಲ. ಹಲ್ಲು ಕಚ್ಚಿಕೊಂಡು ಕ್ಲಿನಿಕ್ಕಿಗೆ ಬಂದರೆ ಬಾಗಿಲಲ್ಲಿ ಬೂದು ಕೋಟಿನ ಹೆಂಗಸೊಬ್ಬಳು ಕಾಯುತ್ತಿದ್ದಳು. ಸಭೆಗೆ ಬಂದವರಲ್ಲೆಲ್ಲ ದೊಡ್ಡ ಕುಳವಾದ ಒಬ್ಬರ ಕಾರ್ಯದರ್ಶಿಯಂತೆ. ಆ ದೊಡ್ಡವರ ಬಂದರುಗಳಿಲ್ಲದ ಸಮುದ್ರ ಕಡಿಮೆ, ಪತ್ರಿಕೆಗಳಿಲ್ಲದ ದೇಶ ಕಡಿಮೆ. ತಿಂಡಿ ತಿನ್ನುವಾಗ ಅವರ ಮುಂದಿನ ಹಲ್ಲು ಮುರಿದಿತ್ತು. ಸಂಜೆ ಭಾಷಣ ಬೇರೆ ಇತ್ತು.

"ಮಾಡ್ತೀನಿ," ಎಂದಳು ಡಾಕ್ಟರಮ್ಮ. "ಆದ್ರೆ ಬೇಲಿ ಹತ್ರ ಒಬ್ಬರು ಕೆನ್ನೆ ಹಿಡ್ಕೊಂಡು ನಿಂತಿದಾರೆ. ಮೊದಲು ಅವರು, ಆಮೇಲೆ ನಿಮ್ಮೋರು."

ಕಾರ್ಯದರ್ಶಿ ಫೋನ್ ತೆಗೆದು ಎರಡು ಮಾತಾಡಿದಳು. ನಾದಿನಿ ಚೀಟಿ ಬರೆದು ಮುಗಿಸುವಷ್ಟರಲ್ಲಿ ಹಾರ್ನ್ ಮಾವ ಪೊಲೀಸ್ ಜೀಪಿನಲ್ಲಿ ಬಂದಿಳಿದ. ಅಷ್ಟು ಹೊತ್ತು ಅಲುಗದ ಬೇಲಿ ಅಷ್ಟು ಸಲೀಸಾಗಿ ಸರಿದದ್ದನ್ನು ಕಂಡು ಡಾಕ್ಟರಮ್ಮನಿಗೆ ಸಮಾಧಾನವಾಗಬೇಕಿತ್ತು. ಮೈಯೆಲ್ಲ ಉರಿಯಿತು.

ಮುದುಕನ ಕೀವು ತೆಗೆದು ಕಳಿಸಿದ ಮೇಲೆ ದೊಡ್ಡವರು ಬಂದು ಕುರ್ಚಿಗೆ ಒರಗಿದರು. ದರ್ಪದ ಮನುಷ್ಯ ಎಂದುಕೊಂಡಿದ್ದಳು, ಹಾಗೇನಿರಲಿಲ್ಲ. ಕಾದದ್ದಕ್ಕೆ ಬೇಸರ ತೋರದೆ, "ನಿಮ್ಮಂಥೋರ ಮಾತು ಕೇಳೋಕೆ ನನಗೆ ಅವಕಾಶಾನೇ ಸಿಗಲ್ಲ. ಹೇಳಿ, ಊರು ಹೇಗಿದೆ?" ಎಂದರು. ಆಮೇಲೆ ಬಾಯಿ ತೆರೆದರು, ಅವಳು ಹತ್ತಿ ತುರುಕಿದಳು.

ಎದುರಿಗಿದ್ದವರು ಮಾತಾಡಲಾರದೆ ಮಲಗಿರುವಾಗ ಇಷ್ಟು ದಿನ ಒಳಗೇ ಕುದಿಯುತ್ತಿದ್ದುದೆಲ್ಲ ಹೊರಗೆ ಬಂತು. ಬೇಲಿಯ ಕಥೆ ಹೇಳಿದಳು. ಆಸ್ಪತ್ರೆಯ ಮುರಿದ ಕುರ್ಚಿಯ ಕಥೆ ಹೇಳಿದಳು. "ಕುರ್ಚಿ ರಿಪೇರಿಗೆ ಸರ್ಕಾರದ ಹತ್ರ ದುಡ್ಡಿಲ್ವಂತೆ. ಎಲ್ಲಿಂದ ಬರುತ್ತೆ? ನಿಮ್ಮಂಥೋರಿಗೆಲ್ಲ ತೆರಿಗೆ ಮಾಫಿ. ನೀವು ಕಟ್ಟೋದನ್ನ ಕಟ್ಟಿ, ಆಸ್ಪತ್ರೆ ತಾನೇ ಎದ್ದು ನಿಲ್ಲುತ್ತೆ. ನಮಗೆ ದಾನ ಬೇಡ."

ದೊಡ್ಡವರು ಕಣ್ಣಲ್ಲೇ ಹೂಂಗುಟ್ಟಿದರು. ಹೋಗುವಾಗ ಮರಗಟ್ಟಿದ ತುಟಿಯಲ್ಲೇ, "ನೇರವಾಗಿ ಮಾತಾಡಿದ್ರಿ. ಮರೆಯಲ್ಲ," ಎಂದರು.

ಮರೆಯಲಿಲ್ಲ. ಸಂಜೆ ಟೀವಿಯಲ್ಲಿ ಹೊಸ ಹಲ್ಲು ಮಿಂಚಿಸುತ್ತ ನಿಂತಿದ್ದರು. "ಇಂದು ಒಬ್ಬ ವೈದ್ಯೆಯನ್ನು ಭೇಟಿಯಾದೆ. ಸರ್ಕಾರಿ ಆಸ್ಪತ್ರೆಯ ಕುರ್ಚಿ ಮುರಿದು ಎಷ್ಟೋ ಕಾಲವಾಯಿತು, ಕೇಳುವವರಿಲ್ಲ ಎಂದು ಆಕೆ ನೊಂದು ನುಡಿದರು. ಗೆಳೆಯರೇ, ಸರ್ಕಾರಗಳನ್ನು ಇನ್ನೆಷ್ಟು ಕಾಯೋಣ? ಆಸ್ಪತ್ರೆಗಳನ್ನು ನಮ್ಮ ಟ್ರಸ್ಟಿಗೆ ಒಪ್ಪಿಸಿ!" ಮಂತ್ರಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಅತ್ತಿಗೆ, ನಿಮ್ಮ ಬಗ್ಗೇನೇ ಹೇಳ್ತಿದಾರೆ!" ಎಂದು ನಾದಿನಿ ಹಿಗ್ಗಿದಳು.

"ಅರ್ಧ ಮಾತ್ರ ಹೇಳಿದ ಮಹಾರಾಯ," ಎಂದು ಡಾಕ್ಟರಮ್ಮ ತಲೆ ಚಚ್ಚಿಕೊಂಡಳು. "ಇನ್ನರ್ಧ ನುಂಗಿಬಿಟ್ಟ."

ಮರುದಿನ ಭಾಷಣ ಅಚ್ಚು ಹಾಕಿದ್ದ ಪತ್ರಿಕೆಗೆ ಅವಳು ಫೋನ್ ಮಾಡಿದಳು. ಪತ್ರಿಕೆ ಆ ದೊಡ್ಡವರದೇ. "ಹೊಗಳಿದೀವಲ್ಲ ಮೇಡಂ, ಇನ್ನೇನು ತಿದ್ದೋದು?" ಎಂದರು. ಕಾರ್ಯದರ್ಶಿಗೆ ಫೋನ್ ಮಾಡಿದರೆ, ನಿಮ್ಮ ಅನಿಸಿಕೆ ಅಮೂಲ್ಯ ಎಂದು ಯಂತ್ರದ ದನಿ ಹೇಳಿತು. ಅಷ್ಟರಲ್ಲಿ 'ಮುರಿದ ಕುರ್ಚಿ' ಎಂಬುದು ಊರೂರಿನ ಫಲಕಗಳ ಮೇಲೆ ಏರಿತ್ತು. ಒಂದು ದಿನ, ಭೂಪಟದಲ್ಲಿ ಮಾತ್ರ ನೋಡಿದ್ದ ದೇಶವೊಂದರ ನರ್ಸೊಬ್ಬಳಿಂದ ಸಂದೇಶ ಬಂತು: ಮುರಿದ ಕುರ್ಚಿಯ ಡಾಕ್ಟರು ನೀವೇನಾ? ನಿಮ್ಮ ಮಾತು ತೋರಿಸಿ ಇಲ್ಲಿ ನಮ್ಮ ಹೆರಿಗೆ ಆಸ್ಪತ್ರೆಗೆ ಬೀಗ ಹಾಕಿದ್ದಾರೆ. ಟ್ರಸ್ಟಿನವರು ಇನ್ನೂ ಬಂದಿಲ್ಲ. ಹೆಂಗಸರು ದೋಣಿಯಲ್ಲಿ ಆಚೆ ದಡಕ್ಕೆ ಹೋಗಬೇಕು. ನೀವು ಯಾಕೆ ಹಾಗೆ ಹೇಳಿದಿರಿ?

ಡಾಕ್ಟರಮ್ಮ ಆ ದಿನ ಊಟ ಮಾಡಲಿಲ್ಲ. ತಾನು ಹೇಳಿದ್ದನ್ನು ಪೂರ್ತಿ ಬರೆದು ಕಳಿಸಿದಳು. ಆದರೆ ಬೀಗ ಬಿದ್ದ ಬಾಗಿಲ ಮುಂದೆ ನಿಂತವಳಿಗೆ ಅದರಿಂದ ಏನಾಗಬೇಕು ಎಂದು ಅವಳಿಗೇ ಗೊತ್ತಿತ್ತು.

ಮುಂದಿನ ವಾರ ಇವರ ಊರಿನ ಆಸ್ಪತ್ರೆಯನ್ನೇ ಟ್ರಸ್ಟಿಗೆ ಕೊಡುವ ಮಾತು ಪುರಸಭೆಗೆ ಬಂತು. ಡಾಕ್ಟರಮ್ಮ ಹೋಗಿ ಬೇಡವೆಂದಳು. ಅಧ್ಯಕ್ಷರು ನಗುತ್ತ, "ಇದು ನೀವೇ ಹೇಳಿದ್ದಲ್ವಾ ಮೇಡಂ? ಪ್ರಪಂಚಾನೇ ಕೇಳಿದೆ," ಎಂದರು. ಸದಸ್ಯರೂ ನಕ್ಕರು.

"ನಾನು ಹೇಳಿದ್ದು ಕುರ್ಚಿ ರಿಪೇರಿ ಮಾಡಿ ಅಂತ. ಆಸ್ಪತ್ರೆ ಮಾರಿ ಅಂತ ಅಲ್ಲ."

"ಎರಡಕ್ಕೂ ಅಂಥಾ ವ್ಯತ್ಯಾಸ ಏನಿದೆ?"

ಆಗ ಹಿಂದಿನ ಬೆಂಚಿನಿಂದ ಹಾರ್ನ್ ಮಾವ ಎದ್ದ. ಕೆನ್ನೆಯ ಊತ ಇಳಿದಿತ್ತು, ಗಂಟಲು ಮರಳಿತ್ತು. "ನನ್ ಬಸ್ಸಿನ ಟೈರ್ ಪಂಚರ್ ಆದ್ರೆ ಪಂಚರ್ ಹಾಕಿಸ್ತಿದ್ದೆ ಕಣ್ರೀ! ಬಸ್ಸನ್ನೇ ದಾರೀಲಿ ಹೋಗೋನಿಗೆ ಬರ್ಕೊಡ್ತಿದ್ನಾ?" ಕಿಟಕಿಯ ಗಾಜು ನಡುಗಿತು. ಹೊರಗೆ ನಿಂತಿದ್ದವರೂ ಒಳಗೆ ನುಗ್ಗಿದರು. ಪಕ್ಕದ ಆಸ್ಪತ್ರೆಯಲ್ಲಿ ಮೊಮ್ಮಗುವಿಗೆ ಸೂಜಿ ಹಾಕಿಸಲು ಬಂದಿದ್ದ ಅಜ್ಜಿಯೊಬ್ಬಳು ಅಧ್ಯಕ್ಷರ ಮೇಜಿನ ಮುಂದೆ ಕೂತು, ಬೇಡ ಅಂತ ಬರೆಯುವವರೆಗೂ ಏಳುವುದಿಲ್ಲ ಎಂದಳು. ಚುನಾವಣೆ ಹತ್ತಿರವಿತ್ತು. ಸಂಜೆಯ ಹೊತ್ತಿಗೆ ಅಧ್ಯಕ್ಷರು ಬೇಡವೆಂದೇ ಬರೆದರು.

ಆ ತಿಂಗಳೆಲ್ಲ ಡಾಕ್ಟರಮ್ಮ ನೆಮ್ಮದಿಯಾಗಿದ್ದಳು. ನರ್ಸಿಗೂ ಸುದ್ದಿ ಕಳಿಸಿದಳು. ಆಮೇಲೊಂದು ಮಧ್ಯಾಹ್ನ ಕಾರ್ಯದರ್ಶಿಯೇ ಫೋನ್ ಮಾಡಿದಳು. ದನಿಯಲ್ಲಿ ಸ್ವಲ್ಪವೂ ಕಹಿ ಇರಲಿಲ್ಲ.

"ನಿಮ್ಮೂರಿಗೆ ಇಷ್ಟ ಇಲ್ಲ ಅಂದ್ರೆ ಪರವಾಗಿಲ್ಲ ಡಾಕ್ಟರೇ. ಪಕ್ಕದ ಜಿಲ್ಲೆಯವರು ಒಪ್ಕೊಂಡಿದಾರೆ. ನಾಳಿದ್ದು ಸಹಿ. ನಿಮಗೆ ಥ್ಯಾಂಕ್ಸ್ ಹೇಳೋಣ ಅಂತ ಫೋನ್ ಮಾಡಿದೆ."

"ನನಗ್ಯಾಕೆ ಥ್ಯಾಂಕ್ಸು? ಅವರನ್ನ ಏನು ಹೇಳಿ ಒಪ್ಪಿಸಿದ್ರಿ?"

"ನಿಮ್ಮ ಮಾತೇ. ಎಲ್ಲ ಕಡೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ."

ಡಾಕ್ಟರಮ್ಮ ಫೋನ್ ಕೆಳಗಿಟ್ಟಳು. ಬಾಯಲ್ಲಿ ಎಂದೂ ಆಡದ ಬೈಗುಳವೊಂದು ಬಂತು. ಅದನ್ನು ಕೇಳಿ ನಾದಿನಿ ಪೆನ್ನು ಬಿಟ್ಟು ತಲೆಯೆತ್ತಿದಳು.

"ನಾಳಿದ್ದಿನ ರೋಗಿಗಳಿಗೆಲ್ಲ ಫೋನ್ ಮಾಡಿ ಬೇರೆ ದಿನ ಬರೋಕೆ ಹೇಳು," ಎಂದಳು ಡಾಕ್ಟರಮ್ಮ. "ಪಕ್ಕದ ಜಿಲ್ಲೆಗೆ ಮೊದಲನೇ ಬಸ್ಸು ಎಷ್ಟೊತ್ತಿಗೆ ಅಂತಾನೂ ಕೇಳಿ ಇಡು."

"ಮತ್ತೆ ಮೊದಲಿಂದ ಹೇಳ್ಬೇಕಾ ಅತ್ತಿಗೆ?"

"ಇನ್ನೇನ್ ಮಾಡೋದು? ಹೇಳ್ಬೇಕು," ಎಂದು ಗೊಣಗುತ್ತ ಅವಳು ಕೈಗವಸು ತೊಟ್ಟು ಒಳಗೆ ಹೋದಳು.