ಎಂಕು ಇಝಾರನ ಕಡಲಸುಂಕ

ರಾಜರ ಕಾಲ ಮುಗಿದು ನೂರು ವರ್ಷದ ಮೇಲಾಯ್ತು. ಆದ್ರೆ ನಮ್ಮ ಬೆಲಾಕಾಂಗ್ ಪಾದಾಂಗ್ ದ್ವೀಪದಲ್ಲಿ ಒಬ್ಬ ಇನ್ನೂ ಉಳ್ಕೊಂಡಿದಾನೆ. ಇಝಾರ್ ಅಂತ. ಹೆಸರಿನ ಮುಂದೆ ‘ರಾಜಾ’ ಅಂಟಿಸಿಕೊಂಡೇ ಹುಟ್ಟಿದವನು, ಅದಕ್ಕೆ ನಾವೆಲ್ಲ ಬಾಯ್ತುಂಬ ‘ಎಂಕು’, ಅಂದ್ರೆ ಒಡೆಯ, ಅನ್ನಬೇಕು. ಅರಮನೆ ಇಲ್ಲ, ಆಳುಕಾಳಿಲ್ಲ. ಇರೋದು ದೋಣಿಯವರ ಸಂಘದ ಕಾರ್ಯದರ್ಶಿ ಅನ್ನೋ ಒಂದು ಕುರ್ಚಿ. ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಇವನಿಗೆ ಐಶ್ವರ್ಯ ಬರಲೇ ಇಲ್ಲ, ಬರೀ ಕೊಡೆ ಬಂತು.

ನಾನು ಸೆನಾ. ಊರಿಗೆಲ್ಲ ಮಾಕ್ ಲೊಂಗ್, ಅಂದ್ರೆ ದೊಡ್ಡಮ್ಮ. ಜೆಟ್ಟಿ ಎದುರಿಗೇ ನನ್ನ ಅಂಗಡಿ. ಮುಂದೆ ಕಾಫಿ, ಗಟ್ಟಿ ಸಾರಿನ ನೂಡಲ್ಸ್ ಮೀ ಲೆಂದಿರ್. ಹಿಂದಿನ ಕೋಣೇಲಿ ನನ್ನ ಗಂಡ ಸಾಯೋ ಮೊದಲು ತಂದಿಟ್ಟ ಹಳೇ ಕಂಪ್ಯೂಟರ್‌ಗಳು. ಶುಕ್ರವಾರದ ನಮಾಜು ಮುಗೀತೋ ಇಲ್ಲವೋ, ಟೋಪಿ ತೆಗೆಯೋಕೂ ಪುರುಸೊತ್ತಿಲ್ಲದೆ ಗಂಡಸರು ಬಂದು ಅಲ್ಲಿ ಕೂತ್ಕೋತಾರೆ. ಆಡೋದು ಹಿಂದಿನ ಕಾಲದ ರಾಜ್ಯ ಕಟ್ಟೋ ಆಟ. ಒಬ್ಬೊಬ್ಬನಿಗೆ ಒಂದೊಂದು ದ್ವೀಪ, ಒಂದೊಂದು ಬಂದರು. ಭತ್ತ ಬೆಳೀಬೇಕು, ಮೀನು ಹಿಡೀಬೇಕು, ಹಡಗಿಗೆ ಸರಕು ತುಂಬಿ ಆಚೆ ದಡದ ಸಂತೆಗೆ ಕಳಿಸ್ಬೇಕು. ನಿಜವಾದ ದೋಣಿ ಕಟ್ಟಿಹಾಕಿ ಬಂದು ಸುಳ್ಳು ಹಡಗು ನಡೆಸೋ ಇವರಿಗೆ ಏನನ್ನೋಣ ಹೇಳಿ!

ಎಲ್ಲರೂ ಭತ್ತ ಬಿತ್ತೋವಾಗ ಇಝಾರ್ ಮಾತ್ರ ಒಂದು ಕಾಳೂ ಬಿತ್ತಲ್ಲ. ಇರೋ ಕಾಡೆಲ್ಲ ಕಡಿದು ಯುದ್ಧದ ಹಡಗು ಕಟ್ತಾನೆ. ಸಂತೆಗೆ ಹೋಗೋಕೆ ಇರೋದು ಒಂದೇ ಇಕ್ಕಟ್ಟಾದ ಜಲಸಂಧಿ, ಅದರ ಬಾಯಲ್ಲಿ ಅವನ್ನ ಸಾಲಾಗಿ ನಿಲ್ಲಿಸ್ತಾನೆ. ಯಾರ ಹಡಗು ಬಂದ್ರೂ ಮೊದಲು ಅವನ ಬಂದರಿಗೆ ಹೋಗಿ ಅರ್ಧ ಸರಕು ಇಳಿಸ್ಬೇಕು, ಇಲ್ಲದಿದ್ರೆ ಮುಳುಗಿಸ್ತಾನೆ. ಆ ಅರ್ಧ ಮಾರಿ ಮತ್ತಷ್ಟು ಹಡಗು ಕಟ್ತಾನೆ. ವಾರ ವಾರವೂ ಅವನೇ ಗೆಲ್ಲೋದು.

“ಮಾಕ್ ಲೊಂಗ್, ಬೆಳೆಯೋನು ದಡ್ಡ,” ಅಂತ ನನಗೇ ಪಾಠ ಹೇಳ್ತಾನೆ. “ಬೆಳೆದಿದ್ದು ಯಾವ ದಾರೀಲಿ ಹೋಗುತ್ತೋ ಆ ದಾರಿ ಹಿಡಿದೋನು ಜಾಣ. ನಮ್ಮ ಹಿರಿಯರು ಆಳಿದ್ದು ಹೀಗೇ.”

“ನಿಮ್ಮ ಹಿರಿಯರೂ ಕಾಫಿ ಕುಡಿದು ‘ಆಮೇಲೆ ಕೊಡ್ತೀನಿ’ ಅಂತ ಎದ್ದು ಹೋಗ್ತಿದ್ರಾ, ಎಂಕು?” ಅಂದೆ.

ಒಣಮೀನಿನ ವ್ಯಾಪಾರಿ ಆಚಾಯ್ ಕಿಸಕ್ಕಂತ ನಕ್ಕ. ಇಝಾರ್ ಅವನ ಕಡೆ ನೋಡಿದ್ದೇ ತಡ, ಸ್ಕ್ರೀನ್ ಮೇಲೆ ಆಚಾಯನ ಹಡಗೊಂದು ಮುಳುಗ್ತು. ಅಷ್ಟೇ ಅವನ ಪೌರುಷ.

ಆಟದಲ್ಲೇ ನಿಂತಿದ್ರೆ ನನಗೇನು, ಹಾಳಾಗಿ ಹೋಗ್ಲಿ ಅಂತಿದ್ದೆ. ಆದ್ರೆ ನಮ್ಮ ದೋಣಿಯವನು ಸಮಾದನ ವಿಷಯ ಬಂತಲ್ಲ.

ನಮ್ಮ ಪಂಚುಂಗ್, ಅಂದ್ರೆ ಎಂಜಿನ್ ಕಟ್ಟಿದ ಮರದ ದೋಣಿಗಳು, ಎದುರಿನ ದೊಡ್ಡ ದ್ವೀಪ ಬಾತಾಮ್ ಕಡೆ ಹೋಗೋದು ಸರದಿ ಪ್ರಕಾರ. ಜನ ತುಂಬೋ ತನಕ ಹಗ್ಗ ಬಿಚ್ಚೋ ಹಾಗಿಲ್ಲ. ಮೊದಲೆಲ್ಲ ಅವಸರ ಇದ್ದೋರು ಎಲ್ಲಾ ಸೀಟಿನ ದುಡ್ಡೂ ತಾವೇ ಕೊಟ್ಟು ಹೊರಟುಬಿಡ್ತಿದ್ರು; ಅದನ್ನೂ ಹೋದ ವರ್ಷ ಇಝಾರನೇ ನಿಲ್ಲಿಸಿದ. ತುರ್ತಿದ್ರೆ ತನ್ನ ಅಪ್ಪಣೆ ಕೇಳ್ಬೇಕಂತೆ. ಒಂದು ಮಧ್ಯಾಹ್ನ ಹೆರಿಗೆ ನೋವು ಬಂದ ಹುಡುಗಿಯೊಬ್ಬಳನ್ನ ಜೆಟ್ಟಿಗೆ ಎತ್ಕೊಂಡು ಬಂದ್ರು. ಸಮಾದ್ ಇಝಾರನಿಗೆ ಫೋನ್ ಮಾಡಿದ. ಫೋನು ನನ್ನ ಅಂಗಡೀಲೇ, ಇಝಾರನ ಕೀಬೋರ್ಡ್ ಪಕ್ಕದಲ್ಲೇ ಕುಣೀತಿತ್ತು. “ಎಂಕು, ಫೋನು!” ಅಂತ ನಾನೇ ಕೂಗಿದೆ. ಹೆಡ್‌ಫೋನ್ ಹಾಕ್ಕೊಂಡ ಮಹಾರಾಜರು ಸುಮ್ನಿರು ಅಂತ ಕೈ ಮಾಡಿದ್ರು. ಜಲಸಂಧೀಲಿ ಯಾರದೋ ಮೆಣಸಿನ ಹಡಗು ಸಿಕ್ಕಿತ್ತು, ಪಾಪ.

ಸಮಾದ್ ಕಾಯಲಿಲ್ಲ. ಸರದಿ ಬಿಟ್ಟು, ಖಾಲಿ ದೋಣೀಲಿ ಅವಳನ್ನ ಬಾತಾಮಿನ ಆಸ್ಪತ್ರೆಗೆ ದಾಟಿಸಿದ. ತಾಯಿ, ಮಗು ಇಬ್ಬರೂ ಉಳಿದ್ರು. ಮಾರನೇ ದಿನ ಇಝಾರ್ ಸಮಾದನ ಹೆಸರನ್ನ ಸರದಿಯಿಂದ ಹೊಡೆದುಹಾಕಿದ.

“ಹೆರಿಗೆ ನೋವು ಎಂಕು, ಸರದಿ ನೋಡ್ಕೊಂಡು ಬರುತ್ತಾ?” ಅಂತ ಸಮಾದ್ ಅಂಗಲಾಚಿದ.

“ನಿಯಮ ಅಂದ್ರೆ ನಿಯಮ,” ಅಂದ ಇಝಾರ್.

ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ ಹಾಗಾಯ್ತು. ಉಳಿದ ದೋಣಿಯವರು? ಕಾಲ ಹೆಬ್ಬೆರಳು ನೋಡ್ತಾ ಕೂತಿದ್ರು, ಗಂಡಸರು! ಸಮಾದನ ದೋಣಿ ಕಂಬಕ್ಕೆ ಕಟ್ಟಿದಲ್ಲೇ ಪಾಚಿ ಹಿಡೀತು. ಕೊನೆಗೆ ಎಂಜಿನ್ ಮಾರಿಬಿಡ್ತೀನಿ ಅಂದ. ಸೋಮವಾರ ಬಾತಾಮಿಂದ ಕೊಳ್ಳೋರು ಬರೋರಿದ್ರು. ಎಂಜಿನ್ ಹೋದ ಮೇಲೆ ದೋಣಿಯವನೇನು, ನೀರಿನ ಮೇಲೆ ತೇಲೋ ಹಲಗೆ.

ಆ ಶುಕ್ರವಾರ ಇಝಾರ್ ಭಾರೀ ಉಮೇದಲ್ಲಿದ್ದ. ಮಾರನೇ ದಿನ ಬಾತಾಮಲ್ಲಿ ಇದೇ ಆಟದ ದೊಡ್ಡ ಪಂದ್ಯ, ಇವನೇ ನಮ್ಮ ದ್ವೀಪದ ವೀರ. ಮೂಲೇಲಿ ಬಲೆ ಹೊಲೀತಾ ಕೂತಿದ್ದ ಸಮಾದನ್ನ ನೋಡಿ ಅಂದ: “ಬಾರೋ, ಆಡು. ನಿನ್ನ ಒಂದೇ ಒಂದು ಹಡಗು ನನ್ನ ಬಂದರು ಮುಟ್ಟದೆ ಸಂತೆ ಸೇರಲಿ. ನಿನ್ನ ಹೆಸರು ಮತ್ತೆ ಬರೀತೀನಿ.”

“ಎಲ್ಲರೆದುರಿಗೆ ಹೇಳಿದೀರಿ,” ಅಂದೆ ನಾನು.

“ರಾಜರ ಮಾತು, ಮಾಕ್ ಲೊಂಗ್.”

ಸಮಾದ್ ಮೌಸ್ ಹಿಡಿದಿದ್ದು ಏಡಿ ಹಿಡಿಯೋ ಥರ. ಆದ್ರೆ ಕಡಲು ಗೊತ್ತಿದ್ದವನು ನೋಡಿ. ಒಂದು ಯುದ್ಧದ ಹಡಗೂ ಕಟ್ಟಲಿಲ್ಲ, ಒಂದು ಸರಕಿನ ಹಡಗೂ ಬಿಡಲಿಲ್ಲ. ಭತ್ತ ಬೆಳೆದ, ಕೊಲ್ಲೀಲಿ ಮೀನು ಹಿಡಿದ, ಹಡಗುಗಳನ್ನ ಕಟ್ಟಿಹಾಕಿ ಸುಮ್ನೆ ಕೂತ. ಪಕ್ಕದಲ್ಲಿ ಆಡ್ತಿದ್ದ ಮುದಿ ದೋಣಿಯವನು ತೋಕ್ ದೋಲ್ ಅದನ್ನ ನೋಡಿ, “ನನ್ನದೂ ಇವತ್ತು ಹೊರಡಲ್ಲಪ್ಪ, ಗಾಳಿ ಸರಿ ಇಲ್ಲ,” ಅಂದ. ಆಚಾಯ್ ತನ್ನ ಹಡಗುಗಳನ್ನೂ ಒಳಗೆ ಕರ್ಕೊಂಡ.

ಜಲಸಂಧಿ ಭಣ ಭಣ ಅಂತು. ಇಝಾರನ ದಂಡು ಬಾಯಿ ತೆರ್ಕೊಂಡು ನಿಂತೇ ಇದೆ, ಒಳಗೆ ಹೋಗೋಕೆ ಒಂದು ತುತ್ತೂ ಇಲ್ಲ! ಆ ಆಟದಲ್ಲಿ ಯುದ್ಧದ ಹಡಗಿಗೆ ಸುಮ್ನೆ ನಿಂತ್ರೂ ಅಕ್ಕಿ ಬೇಕು, ಸಂಬಳ ಬೇಕು. ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತ ಯಾರಾದ್ರೂ ಆ ರಾಜವಂಶಕ್ಕೆ ಹೇಳಿಕೊಟ್ಟಿದ್ರೆ ತಾನೇ.

“ಯಾಕ್ರೋ ಯಾರೂ ಹೊರಡ್ತಿಲ್ಲ?” ಅಂತ ಇಝಾರ್ ಮಿಸುಕಾಡಿದ.

“ತುಂಬಲಿ ಅಂತ ಕಾಯ್ತಿದೀವಿ, ಎಂಕು,” ಅಂದ ತೋಕ್ ದೋಲ್.

ನಾನು ಒಲೆ ಮೇಲಿದ್ದ ಪಾತ್ರೆ ಬಿಟ್ಟು ಬಂದು ನಿಂತೆ. ಇಝಾರನ ಖಜಾನೆ ಬರಿದಾಯ್ತು. ಕೂಲಿ ಸಿಗದ ನಾವಿಕರು ಹಡಗು ಬಿಟ್ಟು ಓಡಿಹೋದ್ರು. ಜಲಸಂಧಿಯ ಬಾಯಿ ತೆರೀತು. ಆಗ ಸಮಾದ್ ಹೊರಟ ನೋಡಿ! ಅಕ್ಕಿ ತುಂಬಿದ ಒಂದೇ ಹಡಗು. ಅರ್ಧ ದಾರಿ ದಾಟಿತು. ಎದುರಿಗೆ ಸಂತೆಯ ದೀಪಗಳು ಕಾಣ್ತಿದ್ವು. ನನ್ನ ಎದೆ ಡವಡವ ಅಂತಿತ್ತು. ಈ ವಯಸ್ಸಲ್ಲಿ ಸುಳ್ಳು ಹಡಗಿಗೋಸ್ಕರ!

ಅಷ್ಟರಲ್ಲಿ ಇಝಾರನ ದ್ವೀಪದಲ್ಲಿ ಡೋಲು ಬಡಿಯೋಕೆ ಶುರುವಾಯ್ತು. ಊರಲ್ಲಿ ಅನ್ನ ಮುಗಿದಾಗ ಆ ಆಟದಲ್ಲಿ ಹಾಗೇ. ಪುಟ್ಟ ಪುಟ್ಟ ಗೊಂಬೆ ಜನ ಜೆಟ್ಟಿಗೆ ಬಂದು ಕೈ ಬೀಸ್ತಾರೆ. ಸಮಾದ್ ಅದನ್ನ ನೋಡಿದ. ಹಡಗು ನಿಧಾನ ಮಾಡಿದ.

“ಏಯ್, ಬೇಡ!” ಅಂತ ಆಚಾಯ್ ಕಿರುಚಿದ.

“ಕೈ ಬೀಸ್ತಿದಾರಲ್ಲ,” ಅಂದ ಸಮಾದ್.

“ಅವು ಗೊಂಬೆ ಕಣೋ, ಮಂಗಾ! ನೇರ ಹೋಗೋ!” ಇದು ನಾನು.

“ಜೆಟ್ಟೀಲಿ ನಿಂತು ಕೈ ಬೀಸೋರನ್ನ ಬಿಟ್ಟು ಹೆಂಗೆ ಹೋಗೋದು, ಮಾಕ್ ಲೊಂಗ್?” ಅಂತ ಅವನು ಹಡಗು ತಿರುಗಿಸೇ ಬಿಟ್ಟ. ಇಝಾರನ ಬಂದರಿಗೆ ಹೋಗಿ ಅಕ್ಕೀನೆಲ್ಲ ಇಳಿಸಿದ. ಗೊಂಬೆಗಳು ಕೈ ಬೀಸೋದು ನಿಲ್ಲಿಸಿದ್ವು.

“ಮುಟ್ತು! ನನ್ನ ಬಂದರು ಮುಟ್ತು!” ಅಂತ ಇಝಾರ್ ಕುರ್ಚಿಯಿಂದ ಎಗರಿದ. ಅದೇ ಅಕ್ಕಿ ತಿನ್ನಿಸಿ ತನ್ನ ನಾವಿಕರನ್ನ ವಾಪಸ್ ಕರೆಸ್ಕೊಂಡ, ಮೊದಲು ಸಮಾದನ ಹಡಗನ್ನೇ ಮುಳುಗಿಸಿದ. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಏನು ಅಂತ ನನ್ನ ಕಣ್ಣಾರೆ ನೋಡಿದೆ. “ನೋಡಿದ್ರಾ, ದಂಡು ಇದ್ದವನಿಗೆ ಅನ್ನ ತಾನೇ ನಡ್ಕೊಂಡು ಬರುತ್ತೆ,” ಅಂತ ಬೇರೆ ಅಂದ. ಥೂ!

ಸಮಾದ್ ಮತ್ತೆ ಬಲೆ ಎತ್ಕೊಂಡ. ನನಗೆ ಅವನ ಮೇಲೂ ಸಿಟ್ಟು. ಕೈಗೆ ಬಂದ ತುತ್ತನ್ನ ಬಾಯಿಗೆ ಬರೋ ಮೊದಲೇ ಚೆಲ್ಲಿದ್ನಲ್ಲ ಅಂತ ಅಳೂನೇ ಬಂತು. ತೋಕ್ ದೋಲ್ ಚಪ್ಪಲಿ ಮೆಟ್ಕೊಳ್ತಾ ನನ್ನ ಹತ್ತಿರ ಮೆಲ್ಲಗೆ ಅಂದ: “ನಾನಾಗಿದ್ರೂ ತಿರುಗಿಸ್ತಿದ್ದೆ, ಸೆನಾ.” ಆಮೇಲೆ ಉಳಿದ ದೋಣಿಯವರೂ ಒಬ್ಬೊಬ್ಬರೇ ಎದ್ದು ಹೋದ್ರು. ಯಾರೂ ಇಝಾರನ ಕಡೆ ತಿರುಗಿ ನೋಡಲಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ? ಶನಿವಾರ ಬೆಳಿಗ್ಗೆ ಇಝಾರ್ ಇಸ್ತ್ರಿ ಅಂಗಿ ಹಾಕ್ಕೊಂಡು ಜೆಟ್ಟಿಗೆ ಬಂದ. ಸರದಿ ತೋಕ್ ದೋಲನದು. ಇಝಾರ್ ಹತ್ತಿ ನಡುಮಧ್ಯೆ ಕೂತ. ಜೆಟ್ಟಿ ತುಂಬ ಜನ, ಆದ್ರೆ ಬೇರೆ ಒಂದು ನರಪಿಳ್ಳೆಯೂ ಹತ್ತಲಿಲ್ಲ. ಒಬ್ಬಳಿಗೆ ಇದ್ದಕ್ಕಿದ್ದಂತೆ ಎಲೆಯಲ್ಲಿ ಸುಟ್ಟ ಮೀನಿನ ಓತಾ-ಓತಾ ತಿನ್ನೋ ಆಸೆ ಆಯ್ತು. ಇನ್ನೊಬ್ಬನಿಗೆ ಮನೇಲಿ ಒಲೆ ಆರಿಸಿದೀನೋ ಇಲ್ಲವೋ ಅನ್ನೋ ಅನುಮಾನ. ಆಚಾಯ್ ಒಣಮೀನಿನ ಬುಟ್ಟಿ ಇಳಿಸಿ ಅದರ ಮೇಲೇ ಕೂತ್ಕೊಂಡ. ಇಝಾರ್ ಸುಡುಬಿಸಿಲಲ್ಲಿ ಬೆವೀತಿದ್ದ.

“ಹೊರಡೋ, ತೋಕ್. ಪಂದ್ಯಕ್ಕೆ ಹೊತ್ತಾಗುತ್ತೆ.”

“ತುಂಬಲಿ, ಎಂಕು.”

“ಎಲ್ಲಾ ಸೀಟಿಗೂ ನಾನೇ ಕೊಡ್ತೀನಿ.”

“ಅದನ್ನ ನಿಲ್ಲಿಸಿದ್ದು ನೀವೇ ಅಲ್ವಾ?”

“ನಾನು ಕಾರ್ಯದರ್ಶಿ! ತುರ್ತು ಅಂತ ಅಪ್ಪಣೆ ಕೊಡ್ತಿದೀನಿ!”

ತೋಕ್ ದೋಲ್ ಬೀಡಿ ಹಚ್ಚಿದ. “ಆಟಕ್ಕೆ ಹೋಗೋದು ತುರ್ತು. ಹೆರಿಗೆ ನೋವು ತುರ್ತಲ್ಲ. ನಾನು ಮುದುಕ ಎಂಕು, ಸ್ವಲ್ಪ ಬಿಡಿಸಿ ಹೇಳಿ.”

ಇಝಾರ್ ಹಿಂದಿನ ದೋಣಿಯವನ ಕಡೆ ನೋಡಿದ. ಅವನು ಮುಖ ತಿರುಗಿಸ್ಕೊಂಡ. ಅದರ ಹಿಂದಿನವನು ತನ್ನ ದೋಣಿ ತುಂಬ ಬಲೆ ಹರವಿಬಿಟ್ಟ. ಜಲಸಂಧಿ ಹಿಡಿದ ಮಹಾವೀರನಿಗೆ ಒಂದು ಪಂಚುಂಗ್ ದೋಣಿ ಅಲ್ಲಾಡಿಸೋಕೆ ಆಗಲಿಲ್ಲ.

“ಸರಿ,” ಅಂದ, ಗಂಟಲಲ್ಲೇ. “ಸಮಾದ್ ಮಾಡಿದ್ದು ತಪ್ಪಲ್ಲ.”

“ಕೇಳಿಸ್ತಿಲ್ಲ, ಎಂಕು!” ಅಂತ ನಾನು ಅಂಗಡಿ ಬಾಗಿಲಿಂದ ಕೂಗಿದೆ.

“ತಪ್ಪಲ್ಲ! ಅವನ ಹೆಸರು ಸರದೀಲಿದೆ!”

ತೋಕ್ ದೋಲ್ ಬೀಡಿ ಆರಿಸಿದ. “ಹಾಗಾದ್ರೆ ನನ್ನ ಸರದಿ ಇವತ್ತು ಅವನಿಗೆ,” ಅಂದ. ಸಮಾದ್ ಜೆಟ್ಟಿಯ ಕೊನೇಲಿ ತನ್ನ ದೋಣಿಯ ನೀರು ಮೊಗೆದು ಹಾಕ್ತಿದ್ದ. ಮೊಗೆಯೋ ಡಬ್ಬಿ ಕೈಯಿಂದ ಜಾರಿ ಕಡಲಿಗೇ ಬಿತ್ತು. ಎಂಜಿನ್ ಕೆಮ್ಮಿತು, ಉಗುಳಿತು, ಆಮೇಲೆ ಹತ್ಕೊಳ್ತು. ಅವನು ಕಣ್ಣೊರೆಸ್ಕೊಂಡಿದ್ದನ್ನ ನಾನೊಬ್ಬಳೇ ನೋಡಿದ್ದು ಅಂದ್ಕೋತೀನಿ.

ಇಝಾರ್ ಆ ದೋಣಿಯಿಂದ ಇಳಿದು ಈ ದೋಣಿಗೆ ಬಂದ. “ನಿಧಾನ ಎಂಕು, ಹಲಗೆ ಪಾಚಿ ಹಿಡಿದಿದೆ, ಜಾರುತ್ತೆ,” ಅಂತ ಸಮಾದ್ ಕೈ ಕೊಟ್ಟ. ಇಝಾರ್ ಆ ಕೈ ಹಿಡಿಯದೆ ಹತ್ತೋಕೆ ಆಗಲಿಲ್ಲ.

ಆಮೇಲೆ ನೋಡಬೇಕಿತ್ತು ನೀವು! ಒಲೆಯ ಅನುಮಾನದವನು ಬಂದ, ಓತಾ-ಓತಾದವಳು ಬಾಯಿ ಒರೆಸ್ಕೊಂಡು ಬಂದಳು, ಆಚಾಯ್ ಬುಟ್ಟಿ ಸಮೇತ ಬಂದು ಇಝಾರನ ಪಕ್ಕದಲ್ಲೇ ಕುಕ್ಕರಿಸಿದ. ಕಣ್ಣು ಮಿಟುಕಿಸೋದ್ರಲ್ಲಿ ದೋಣಿ ತುಂಬಿ ತುಳುಕ್ತು. ಅಪ್ಪಣೆಯ ಅಗತ್ಯವೇ ಬೀಳಲಿಲ್ಲ. ನನಗೆ ಬಾತಾಮಲ್ಲಿ ನಯಾಪೈಸೆ ಕೆಲಸ ಇರಲಿಲ್ಲ. ಆದ್ರೂ ಅಂಗಡಿ ಬಾಗಿಲು ಎಳೆದು ಓಡಿಬಂದೆ. ಕೂರೋಕೆ ಇದ್ದಿದ್ದು ಒಂದೇ ಜಾಗ.

“ಸ್ವಲ್ಪ ಸರೀರಿ, ಎಂಕು,” ಅಂದೆ.

ಒಣಮೀನಿನ ಬುಟ್ಟಿ ಕಡೆಗೆ ಸರಿದ.