ಚಿಕ್ಕಮುನಿಯಮ್ಮನ ಅಳತೆ

ಮುನಿಆಂಜನಪ್ಪ ಸಮತಟ್ಟಾದ ರಸ್ತೆಯಲ್ಲೂ ಬೆಟ್ಟ ಹತ್ತುವವರಂತೆ ನಡೆಯುತ್ತಿದ್ದರು: ಮೈ ತುಸು ಮುಂದಕ್ಕೆ ಬಾಗಿ, ಮಂಡಿ ಅಗತ್ಯಕ್ಕಿಂತ ಮೇಲೆದ್ದು, ಇಲ್ಲದ ಕಲ್ಲೊಂದರ ಮೇಲೆ ಪಾದ ಮೆಲ್ಲನೆ ಇಳಿಯುತ್ತಿತ್ತು. ಶಿವಾಜಿನಗರದ ಬಿದಿರಂಗಡಿಯೊಂದರಲ್ಲಿ ಅವರು ಏಣಿ ಮಾಡುತ್ತಿದ್ದರು. ತೊಂಬತ್ತೇಳರಲ್ಲಿ ಲಿಂಗರಾಜಪುರದ ಚಿಕ್ಕಮ್ಮನ ಮನೆಯಿಂದ ಕೆಲಸಕ್ಕೆ ಹೋಗುತ್ತಿದ್ದ ನಾನು ದಿನವೂ ಆ ಅಂಗಡಿಯ ಮುಂದೆ ಹಾಯುತ್ತಿದ್ದೆ.

ಅವರದು ಕೋಲಾರದ ಬೆಟ್ಟದ ನೆತ್ತಿಯ ಹಳ್ಳಿ. ಬಂಡೆಗಳ ನಡುವಿನ ತುಂಡು ಹೊಲದ ರಾಗಿ ಯುಗಾದಿಯವರೆಗೂ ಬಾರದು. ಹೆಂಡತಿ ಚಿಕ್ಕಮುನಿಯಮ್ಮ ಬಂಡೆಯ ದೊಣೆಯಿಂದ ನೀರು ಹೊತ್ತು ಹತ್ತುವ ಕಡಿದಾದ ದಾರಿಗೆ, ಇಲ್ಲಿಯ ದುಡಿಮೆಯಲ್ಲಿ ಕಲ್ಲು ಸೀಳಿಸಿ, ಊರಿಗೆ ಹೋದಾಗಲೆಲ್ಲ ನಾಲ್ಕೈದು ಮೆಟ್ಟಿಲು ಹಾಕಿ ಬರುತ್ತಿದ್ದರು.

“ಇನ್ನ ಹನ್ನೊಂದೇ ಮೆಟ್ಲು ಕಣಮ್ಮ,” ಎಂದು ನನಗೆ ಹೇಳುವರು, “ಮುಗುದ್ರೆ ಹೊರಟ್ಬಿಡ್ತೀನಿ. ಬುಟ್ಟಿ ಹೆಣ್ಕೊಂಡು ಅಲ್ಲೇ ಇರ್ತೀನಿ.”

ಅವರ ಖಾಕಿ ಕೋಟಿನ ಒಳಜೇಬಿನಲ್ಲಿ ಬಿದಿರಿನ ತುಂಡೊಂದಿತ್ತು. ಊರು ಬಿಟ್ಟ ದಿನ, ಕೊಡ ಹೊತ್ತ ಹೆಂಡತಿ ಆಯಾಸವಿಲ್ಲದೆ ಕಾಲೆತ್ತುವಷ್ಟು ಎತ್ತರಕ್ಕೆ ಕತ್ತರಿಸಿಕೊಂಡದ್ದು. ಬೆಟ್ಟದ ಮೆಟ್ಟಿಲಿಗೂ ಪೇಟೆಯ ಏಣಿಗೂ ಅದೊಂದೇ ಅಳತೆ. ಹಾಗಾಗಿ ಅವರ ಏಣಿಗಳಲ್ಲಿ ಅಡ್ಡಕೋಲುಗಳು ಒತ್ತೊತ್ತಾಗಿರುತ್ತಿದ್ದವು.

“ಏನಣ್ಣ, ಏಣಿ ಮಾಡ್ದ್ಯಾ, ಬಾಚಣಿಗೆ ಮಾಡ್ದ್ಯಾ?” ಎಂದು ಅಂಗಡಿಯ ಕರೀಂ ಕೆಣಕುವರು.

“ಹತ್ತಿದೋರು ಬೀಳಲ್ಲ ಅಲ್ವಾ ಸಾಬ್ರೇ, ಸುಮ್ನಿರಿ.”

ಒಂದು ಬೆಳಗ್ಗೆ ಚಿಕ್ಕಮುನಿಯಮ್ಮನೇ ಅಂಗಡಿಯಲ್ಲಿದ್ದರು. ಆಸ್ಪತ್ರೆಗೆ ಮಂಡಿ ತೋರಿಸಲು ಬಂದದ್ದು. ಮುನಿಆಂಜನಪ್ಪ ಹೊಸ ಏಣಿಯೊಂದನ್ನು ಗೋಡೆಗೊರಗಿಸಿ, “ಹತ್ತಿ ನೋಡು, ನಿನ್ ಅಳ್ತೇನೇ” ಎಂದರು. ಆಕೆ ಸೆರಗು ಸಿಕ್ಕಿಸಿ ಕಾಲೆತ್ತಿದರು. ಪಾದ ಮೊದಲ ಕೋಲನ್ನೂ ಮುಟ್ಟದೆ ನೆಲಕ್ಕೆ ಮರಳಿತು.

“ಅಯ್ಯೋ ಬಿಡಪ್ಪ,” ಆಕೆ ನಕ್ಕರು, “ಇದು ಆ ಕಾಲದ ಚಿಕ್ಕಮುನಿಯಮ್ಮಂಗೆ.”

“ಮತ್ತೆ ಊರಾಗಿನ ಮೆಟ್ಲು?”

“ಅದರ ಪಕ್ಕದಾಗೆ ಓರೆ ದಾರಿ ಮಾಡ್ಕೊಂಡಿದ್ದೀನಿ. ಬರೋದೇ ಎರಡು ದಿನ, ಅದ್ರಾಗೆ ನಿಂಗ್ಯಾಕೆ ಹೇಳಿ ನೋಯಿಸ್ಲಿ?”

ಮರುದಿನ ನಾನು ಹಾಯುವಾಗ ಮುನಿಆಂಜನಪ್ಪ ಆ ಬಿದಿರಿನ ತುಂಡನ್ನು ಎರಡು ಬೆರಳಷ್ಟು ಕುಯ್ಯುತ್ತಿದ್ದರು. ಉಳಿದದ್ದು ಹನ್ನೊಂದಲ್ಲವೆಂದು, ಹಾಕಿದ್ದನ್ನೆಲ್ಲ ಕಿತ್ತು ಬುಡದಿಂದ ಕೂರಿಸಬೇಕೆಂದು ನಾನು ಕೇಳದೆಯೇ ತಿಳಿಯಿತು.

ದುಡಿಯಲು ಬೆಟ್ಟ ಇಳಿದವರು ಮನೆಯನ್ನು ಮರೆಯುವುದಿಲ್ಲ; ಹೊರಟ ದಿನದ ಮನೆಯನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಎದೆಯ ಬಳಿ ಇಟ್ಟುಕೊಂಡಿರುತ್ತಾರೆ. ಅಲ್ಲಿ ಅವರನ್ನು ಕಾಯುತ್ತಿರುವವರು ಮಾತ್ರ, ಹೇಳದೆ, ದಿನಕ್ಕಿಷ್ಟು ಮುದುಕರಾಗುತ್ತಿರುತ್ತಾರೆ.